ಕೋಚ್ ಬೇಕೋ, ಅಕೌಂಟೆಂಟ್ ಬೇಕೋ?

ಪ್ರಶ್ನೆ: ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಘಟಕ ನನ್ನದು. ಶುರು ಮಾಡಿ ಎಂಟು ವರ್ಷವಾಯಿತು. ಹನ್ನೊಂದು ಜನ ಕೆಲಸಕ್ಕಿದ್ದಾರೆ. ಮೊದಲ ಐದು ವರ್ಷ ಚೆನ್ನಾಗಿ ಬೆಳೆದೆವು. ಈಗ ಮೂರು ವರ್ಷದಿಂದ ವ್ಯಾಪಾರ ಇದ್ದಲ್ಲೇ ಇದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಎಲ್ಲಕ್ಕೂ ನಾನೇ ಓಡಬೇಕು. ಲೆಕ್ಕ ಬರೆಯುವುದು ಎರಡು ತಿಂಗಳು ಹಿಂದೆ ಬಿದ್ದಿದೆ. ನಮ್ಮ ಮಾಲಿನಲ್ಲಿ ಅರ್ಧದಷ್ಟನ್ನು ಒಬ್ಬರೇ ಗಿರಾಕಿ ಕೊಳ್ಳುತ್ತಾರೆ, ಆದರೆ ಹಣ ಕೊಡುವುದು ಮೂರು ತಿಂಗಳಾದ ಮೇಲೆ. ಮೊದಲ ದಿನದಿಂದ ಜೊತೆಗಿರುವ ಸೂಪರ್‌ವೈಸರ್ ಈಗೀಗ ಯಾರ ಮಾತೂ ಕೇಳುವುದಿಲ್ಲ. ಅವರ ಬಾಯಿಗೆ ಹೆದರಿ ಇಬ್ಬರು ಒಳ್ಳೆಯ ಹುಡುಗರು ಕೆಲಸ ಬಿಟ್ಟರು. ಇತ್ತೀಚೆಗೆ ಆನ್‌ಲೈನ್‌ನಲ್ಲಿ ಒಬ್ಬ ಬಿಸಿನೆಸ್ ಕೋಚ್ ನಡೆಸಿದ ಉಚಿತ ಕಾರ್ಯಕ್ರಮ ನೋಡಿದೆ. ಆರು ತಿಂಗಳಲ್ಲಿ ವ್ಯಾಪಾರ ಎರಡು ಪಟ್ಟು ಮಾಡಿಸುತ್ತೇನೆ ಎನ್ನುತ್ತಾರೆ. ಶುಲ್ಕ ನಮ್ಮ ಎರಡು ತಿಂಗಳ ಲಾಭದಷ್ಟಿದೆ. ಶುಕ್ರವಾರದೊಳಗೆ ಸೇರಿದರೆ ಅರ್ಧಕ್ಕೆ ಸಿಗುತ್ತದಂತೆ. ಸುಮ್ನೆ ದುಡ್ಡು ದಂಡ ಎಂದು ನನ್ನ ಗಂಡ ಹೇಳುತ್ತಾರೆ. ನನಗೆ ಮಾತ್ರ ಯಾರಾದರೂ ಜೊತೆಗಿದ್ದರೆ ಸಾಕು ಅನ್ನಿಸಿಬಿಟ್ಟಿದೆ. ಸೇರಲೇ?
– ಹೆಸರು ಬೇಡ

ಉತ್ತರ: ಶುಕ್ರವಾರದ ಗಡುವನ್ನು ಮರೆತುಬಿಡಿ. ನಿಮಗೆ ನಿಜವಾಗಿ ನೆರವಾಗಬಲ್ಲ ಕೋಚ್ ಮುಂದಿನ ತಿಂಗಳೂ ಇರುತ್ತಾರೆ. ಇಷ್ಟು ದೊಡ್ಡ ಖರ್ಚನ್ನು ಯೋಚಿಸದೆ ಮಾಡಿ ಎಂದು ಆತುರಪಡಿಸುವವರ ಹತ್ತಿರ ಯೋಚಿಸಿ ವ್ಯಾಪಾರ ಮಾಡುವುದನ್ನು ಕಲಿಯಲು ಆಗುವುದಿಲ್ಲ.

ನಾನು ಮೊದಲು ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡುತ್ತಿದ್ದೆ. ಈಗ ಮಾಲೀಕರಿಗೆ ಕೋಚಿಂಗ್ ಮಾಡುತ್ತೇನೆ. ಈ ಕೆಲಸದಲ್ಲಿ ನನಗೆ ನಂಬಿಕೆಯಿದೆ, ನನ್ನ ಜೀವನ ನಡೆಯುವುದೂ ಇದರಿಂದಲೇ. ಆದರೂ ಮೊದಲ ಭೇಟಿಯಲ್ಲೇ ‘ನಿಮಗೆ ನಾನು ಬೇಕಾಗಿಲ್ಲ’ ಎಂದು ಎಷ್ಟೋ ಜನರನ್ನು ವಾಪಸ್ ಕಳಿಸಿದ್ದೇನೆ. ನಿಮ್ಮ ಪತ್ರವನ್ನೂ ಅದೇ ಕಣ್ಣಿಂದ ಓದಿದೆ. ಅದರಲ್ಲಿ ಮೂರು ತೊಂದರೆಗಳಿವೆ. ಮೂರಕ್ಕೂ ಬೇಕಾದ ಮನುಷ್ಯ ಒಬ್ಬರೇ ಅಲ್ಲ.

ಮೊದಲು ಲೆಕ್ಕ. ಅದು ಹಿಂದೆ ಬಿದ್ದಿರುವುದು ನಿಮಗೆ ತಿಳಿವಳಿಕೆ ಸಾಲದೆ ಅಲ್ಲ, ಸಮಯ ಸಾಲದೆ. ಅದಕ್ಕೆ ಕೋಚ್ ಏನು ಮಾಡುತ್ತಾರೆ? ‘ಲೆಕ್ಕ ಬರೆಯಲು ಯಾವಾಗ ಕೂರುತ್ತೀರಿ’ ಎಂದು ವಾರವಾರ ಕೇಳುತ್ತಾರೆ. ನೀವು ನಾಚಿಕೊಂಡು ರಾತ್ರಿ ಹನ್ನೊಂದಕ್ಕೆ ಕೂರುತ್ತೀರಿ. ಅದರ ಬದಲು ವಾರಕ್ಕೆ ಎರಡು ದಿನ ಬಂದು ಹೋಗುವ ಒಬ್ಬ ಅಕೌಂಟೆಂಟನ್ನು ಇಟ್ಟುಕೊಳ್ಳಿ. ನೈಜೀರಿಯಾದಲ್ಲಿ ಸ್ಟೀಫನ್ ಆಂಡರ್ಸನ್ ಮತ್ತು ಡೇವಿಡ್ ಮೆಕೆಂಜಿ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿ ನೋಡಿದರು. ಕೆಲವು ಸಣ್ಣ ಉದ್ಯಮಗಳ ಮಾಲೀಕರಿಗೆ ತರಬೇತಿ ಕೊಡಿಸಿದರು. ಕೆಲವರಿಗೆ ಸಲಹೆಗಾರರನ್ನು ಕೊಟ್ಟರು. ಇನ್ನು ಕೆಲವರಿಗೆ ಲೆಕ್ಕ ಅಥವಾ ಮಾರಾಟದ ಕೆಲಸ ಬಲ್ಲವರನ್ನು ನೇಮಿಸಿಕೊಳ್ಳಲು, ಇಲ್ಲವೇ ಆ ಕೆಲಸವನ್ನು ಹೊರಗೆ ಒಪ್ಪಿಸಲು ನೆರವಾದರು. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೆಲಸ ಬಲ್ಲವರಿಗೆ ಕೆಲಸ ಒಪ್ಪಿಸಿದವರು, ತಾವೇ ಎಲ್ಲವನ್ನೂ ಕಲಿಯಲು ಹೋದವರಿಗಿಂತ ಮುಂದಿದ್ದರು. ಸಲಹೆಗಾರರನ್ನು ಪಡೆದವರಿಗಿಂತಲೂ ಹಿಂದೆ ಬೀಳಲಿಲ್ಲ. ಖರ್ಚು ಮಾತ್ರ ಸಲಹೆಗಾರರಿಗೆ ತಗಲಿದ್ದರ ಅರ್ಧದಷ್ಟು. ಮಾಲೀಕರು ಎಲ್ಲದರಲ್ಲೂ ಪಳಗಬೇಕು ಎಂಬ ಹಟ ಏಕೆ ಬೇಕು, ಅಲ್ವಾ?

ಎರಡನೆಯದು ಆ ದೊಡ್ಡ ಗಿರಾಕಿ. ನನಗೆ ಜಾಸ್ತಿ ಚಿಂತೆ ಇದರದ್ದೇ. ‘ಎರಡು ಪಟ್ಟು’ ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ಲೆಕ್ಕ ಹಾಕೋಣ. ನಿಮ್ಮ ಮಾರಾಟದ ಅರ್ಧ ಭಾಗದ ಹಣ ಮೂರು ತಿಂಗಳು ತಡವಾಗಿ ಬರುತ್ತದೆ. ಅಂದರೆ ಯಾವ ದಿನ ನೋಡಿದರೂ ಒಂದೂವರೆ ತಿಂಗಳ ಒಟ್ಟು ಮಾರಾಟದಷ್ಟು ಹಣ ಅವರೊಬ್ಬರ ಹತ್ತಿರವೇ ಇರುತ್ತದೆ. ವ್ಯಾಪಾರ ಇದೇ ರೀತಿಯಲ್ಲಿ ಎರಡು ಪಟ್ಟಾಯಿತು ಅಂದುಕೊಳ್ಳಿ. ಆಗ ಈಗಿನ ಲೆಕ್ಕದಲ್ಲಿ ಮೂರು ತಿಂಗಳ ಮಾರಾಟದಷ್ಟು ಹಣ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಕಾಗದ ಕೊಡುವವರು ಮೂರು ತಿಂಗಳು ಕಾಯುತ್ತಾರೆಯೇ? ಕೆಲಸಗಾರರ ಸಂಬಳ ಕಾಯುತ್ತದೆಯೇ? ಆ ವ್ಯತ್ಯಾಸವನ್ನು ಸಾಲದಿಂದಲೇ ತುಂಬಬೇಕು. ಆರ್ಡರ್ ಕೈತುಂಬ ಇದ್ದು, ಕೈಯಲ್ಲಿ ಕಾಸಿಲ್ಲದೆ ಮುಚ್ಚಿದ ಘಟಕಗಳ ಲೆಕ್ಕಪುಸ್ತಕಗಳನ್ನು ನಾನು ನೋಡಿದ್ದೇನೆ. ಲಾಭದ ಪುಟ ಚೆನ್ನಾಗಿಯೇ ಇರುತ್ತದೆ. ಬ್ಯಾಂಕಿನ ಪುಟ ಖಾಲಿ. ನಿಮ್ಮ ಕಾರ್ಯಕ್ರಮದಲ್ಲಿ ಗಿರಾಕಿಯಿಂದ ಹಣ ಬರುವ ಅವಧಿಯ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಕೇಳಿದರೇ? ನಿಮ್ಮ ಯಂತ್ರಗಳು ದಿನಕ್ಕೆ ಎಷ್ಟು ಹೊತ್ತು ಓಡುತ್ತವೆ ಎಂದು ಕೇಳಿದರೇ? ಇದ್ಯಾವುದನ್ನೂ ಕೇಳದೆ ‘ಎರಡು ಪಟ್ಟು’ ಎಂದು ಮಾತು ಕೊಡುವವರಿಗೆ ನಿಮ್ಮ ವ್ಯಾಪಾರ ಗೊತ್ತಿಲ್ಲ.

ಇಲ್ಲಿ ನಿಮಗೆ ಬೇಕಾದವರು ಇಂಥ ಗಿರಾಕಿಯನ್ನು ತಾವೇ ಎದುರಿಸಿ ಗೆದ್ದವರು. ಪ್ಯಾಕಿಂಗ್ ವ್ಯಾಪಾರದಲ್ಲೇ ಪಳಗಿದ, ಆದರೆ ನಿಮಗೆ ಪೈಪೋಟಿ ಅಲ್ಲದ ಒಬ್ಬ ಹಿರಿಯರು. ಗಡುವನ್ನು ಹೇಗೆ ಇಳಿಸಿದರು, ಮುಂಗಡ ಹೇಗೆ ಕೇಳಿದರು, ಬೇಗ ಹಣ ಕೊಟ್ಟವರಿಗೆ ಎಷ್ಟು ರಿಯಾಯಿತಿ ಕೊಟ್ಟರು ಎಂಬುದನ್ನು ಅವರು ಒಂದು ಮಧ್ಯಾಹ್ನದಲ್ಲಿ ಹೇಳಬಲ್ಲರು. ಕೀನ್ಯಾದ ನೈರೋಬಿಯಲ್ಲಿ ಸಣ್ಣ ವ್ಯಾಪಾರ ಮಾಡುವ ಹೆಂಗಸರ ಬಗ್ಗೆ ಒಂದು ಅಧ್ಯಯನ ನಡೆದಿತ್ತು. 2018ರಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಕೂತು ವ್ಯಾಪಾರದ ಪಾಠ ಕೇಳಿದವರ ಲಾಭ ಏರಲಿಲ್ಲ. ಅದೇ ಊರಿನ ಅನುಭವಿ ವ್ಯಾಪಾರಿಯೊಬ್ಬರ ಜೊತೆ ಮಾತಾಡುವ ಅವಕಾಶ ಸಿಕ್ಕವರ ಲಾಭ ಸರಾಸರಿ ಶೇ 20ರಷ್ಟು ಹೆಚ್ಚಿತು. ಆ ಒಡನಾಟ ಇರುವವರೆಗೂ ಈ ಹೆಚ್ಚಳ ಉಳಿಯಿತು, ಒಡನಾಟ ನಿಂತ ಮೇಲೆ ಕರಗಿತು. ಕಾಗದ ಎಲ್ಲಿ ಅಗ್ಗ, ಯಾರಿಗೆ ಸಾಲ ಕೊಡಬಾರದು ಎನ್ನುವಂಥ ಮಾತುಗಳೆಲ್ಲ ಅಲ್ಲಲ್ಲಿಯ ಅನುಭವದಿಂದ ಬರುವಂಥವು. ಯಾವ ಪಠ್ಯಕ್ರಮದಲ್ಲೂ ಅವು ಇರುವುದಿಲ್ಲ.

ಉಳಿದದ್ದು ಸೂಪರ್‌ವೈಸರ್. ಈ ಒಂದಕ್ಕೆ ಮಾತ್ರ ಒಳ್ಳೆಯ ಕೋಚ್ ನಿಜವಾಗಿ ಬೇಕಾಗಬಹುದು. ಆ ಸೂಪರ್‌ವೈಸರ್ ಜೊತೆ ಏನು ಮಾತಾಡಬೇಕು ಎಂದು ನಿಮಗೆ ಗೊತ್ತು. ಪತ್ರದಲ್ಲೇ ಬರೆದಿದ್ದೀರಿ. ಆದರೆ ಮಾತಾಡಿಲ್ಲ. ಕಷ್ಟದ ದಿನಗಳಲ್ಲಿ ಜೊತೆಗಿದ್ದವರು, ಹೇಗೆ ಹೇಳುವುದು ಎಂಬ ಸಂಕಟ ನಿಮ್ಮದು. ಆ ಸಂಕಟ ನನಗೆ ಅರ್ಥವಾಗುತ್ತದೆ, ಅದು ನಿಮ್ಮ ಒಳ್ಳೆಯತನದಿಂದಲೇ ಹುಟ್ಟಿದ್ದು. ಅವರನ್ನು ಉಳಿಸಿಕೊಳ್ಳಬೇಕೇ, ಬೇರೆ ಕೆಲಸಕ್ಕೆ ಹಾಕಬೇಕೇ, ಗೌರವದಿಂದ ಬೀಳ್ಕೊಡಬೇಕೇ ಎಂದು ಕೋಚ್ ಹೇಳುವುದಿಲ್ಲ. ನೀವೇ ಯೋಚಿಸುವಂತೆ ಕೂರಿಸುತ್ತಾರೆ. ಆಡಬೇಕಾದ ಮಾತನ್ನು ಮೊದಲು ಕೋಚ್ ಮುಂದೆ ಆಡಿ ನೋಡುತ್ತೀರಿ. ಮುಂದಿನ ಭೇಟಿಯಲ್ಲಿ ‘ಮಾತಾಡಿದಿರಾ’ ಎಂದು ಅವರು ಕೇಳುತ್ತಾರೆ. ಮಾಲೀಕರಿಗೆ ಹೀಗೆ ಕೇಳುವವರು ಯಾರೂ ಇರುವುದಿಲ್ಲ. ಕೆಲಸಗಾರರು ಕೇಳುವಂತಿಲ್ಲ, ಮನೆಯವರಿಗೆ ಹೇಳಿದರೆ ಅವರಿಗೂ ನಿದ್ದೆ ಹೋಗುತ್ತದೆ. ‘ಯಾರಾದರೂ ಜೊತೆಗಿದ್ದರೆ ಸಾಕು’ ಎಂದು ನೀವು ಬರೆದ ಸಾಲು ನನ್ನನ್ನು ತಟ್ಟಿತು. ಅದು ನಿಜವಾದ ಅಗತ್ಯ, ಅದಕ್ಕೆ ಹಣ ಕೊಡುವುದು ದಂಡವಲ್ಲ.

‘ಗೂಗಲ್‌ನವರಿಗೇ ಕೋಚ್ ಇದ್ದರು’ ಎಂಬ ಮಾತು ಇಂಥ ಕಾರ್ಯಕ್ರಮಗಳಲ್ಲಿ ಬಂದೇ ಬರುತ್ತದೆ. ಅದು ನಿಜ. ಬಿಲ್ ಕ್ಯಾಂಪ್‌ಬೆಲ್ ಮೊದಲು ಕಾಲೇಜು ಫುಟ್‌ಬಾಲ್ ತಂಡದ ಕೋಚ್ ಆಗಿದ್ದವರು, ಆಮೇಲೆ ಇಂಟ್ಯೂಟ್ ಕಂಪನಿಯ ಮುಖ್ಯಸ್ಥರಾಗಿದ್ದರು. ಎರಿಕ್ ಸ್ಮಿತ್ ಮುಖ್ಯಸ್ಥರಾಗಿ ಗೂಗಲ್ ಸೇರಿದ ಹೊಸದರಲ್ಲಿ, ಕ್ಯಾಂಪ್‌ಬೆಲ್ ಅವರನ್ನು ಕೋಚ್ ಮಾಡಿಕೊಳ್ಳಿ ಎಂದು ಹೇಳಿದವರು ಹೂಡಿಕೆದಾರ ಜಾನ್ ಡೋರ್. ಇಷ್ಟು ಅನುಭವ ಇರುವ ನನಗೇಕೆ ಕೋಚ್ ಎಂದು ಸ್ಮಿತ್‌ಗೆ ಮೊದಲು ಹಿಡಿಸಲಿಲ್ಲ. ತನಗೆ ಸಿಕ್ಕ ಅತ್ಯುತ್ತಮ ಸಲಹೆ ಅದೇ ಎಂದು ಆಮೇಲೆ ಅವರೇ ಹೇಳಿದರು. ಆದರೆ ಈ ಕಥೆ ಹೇಳುವವರು ಒಂದನ್ನು ಬಿಟ್ಟುಬಿಡುತ್ತಾರೆ. ಸ್ಮಿತ್ ಹತ್ತಿರ ಲೆಕ್ಕ ಬರೆಯುವವರು, ವಕೀಲರು, ಎಂಜಿನಿಯರುಗಳು ಎಲ್ಲ ಇದ್ದರು. ಮುಖಕ್ಕೆ ಮುಖ ಕೊಟ್ಟು ನಿಜ ಹೇಳುವವರು ಮಾತ್ರ ಕಡಿಮೆ ಇದ್ದರು. ಆ ಕೊರತೆಯನ್ನು ಕ್ಯಾಂಪ್‌ಬೆಲ್ ತುಂಬಿದರು. ಉಳಿದ ಕೊರತೆಗಳನ್ನೂ ಕೋಚ್ ತುಂಬುತ್ತಾರೆ ಎಂದು ಆ ಕಥೆಯಿಂದ ತಿಳಿಯುವುದಿಲ್ಲ.

ಉಚಿತ ಕಾರ್ಯಕ್ರಮಗಳ ಬಗ್ಗೆ ಒಂದು ಎಚ್ಚರಿಕೆ. ಎಲ್ಲರೂ ಮೋಸಗಾರರಲ್ಲ. ಆದರೆ ಉಚಿತದಿಂದ ಶುರುವಾಗಿ, ಸಣ್ಣ ಶುಲ್ಕ, ಅದರ ಮೇಲೆ ದೊಡ್ಡ ಶುಲ್ಕ, ಅದರ ಮೇಲೆ ‘ಆಯ್ದವರಿಗೆ ಮಾತ್ರ’ ಎಂಬ ಇನ್ನೂ ದೊಡ್ಡ ಶುಲ್ಕ ಎಂದು ಮೆಟ್ಟಿಲು ಹತ್ತಿಸುವ ದಂಧೆ ಇದೆ. 2018ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದೇ ರೀತಿ ಆನ್‌ಲೈನ್ ಬಿಸಿನೆಸ್ ಕೋಚಿಂಗ್ ಮಾರುತ್ತಿದ್ದ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು. ಅದಕ್ಕೇ ಮೊದಲ ದಿನವೇ ಕೇಳಿ: ಇದಾದ ಮೇಲೆ ಇನ್ನೇನನ್ನಾದರೂ ಕೊಳ್ಳಬೇಕಾಗುತ್ತದೆಯೇ?

ಈಗ ಏನು ಮಾಡಬೇಕು? ಅಕೌಂಟೆಂಟನ್ನು ಈ ತಿಂಗಳೇ ಹುಡುಕಿ. ಹಿರಿಯ ವ್ಯಾಪಾರಿಯೊಬ್ಬರನ್ನು ಹೋಗಿ ಕಾಣಿ. ಲೆಕ್ಕ ಇವತ್ತಿನವರೆಗೆ ಬಂದ ಮೇಲೆ, ಅದನ್ನು ಕೈಯಲ್ಲಿ ಹಿಡಿದು ಇಬ್ಬರು ಮೂವರು ಕೋಚ್‌ಗಳ ಜೊತೆ ಮಾತಾಡಿ. ಮೊದಲ ಮಾತುಕತೆಯಲ್ಲಿ ಅವರು ಜಾಸ್ತಿ ಮಾತಾಡಿದರೋ ನೀವು ಜಾಸ್ತಿ ಮಾತಾಡಿದಿರೋ ಗಮನಿಸಿ. ಅವರೇ ಮಾತಾಡಿದ್ದರೆ ಎದ್ದು ಬನ್ನಿ. ಅವರ ಹಳೆಯ ಗಿರಾಕಿಗಳಲ್ಲಿ ಇಬ್ಬರ ಜೊತೆ ಮಾತಾಡಲು ಕೇಳಿ, ಒಬ್ಬರು ಅರ್ಧದಲ್ಲಿ ಬಿಟ್ಟವರೇ ಇರಲಿ. ಆರು ತಿಂಗಳ ಹಣ ಒಟ್ಟಿಗೆ ಕೊಡಬೇಡಿ, ತಿಂಗಳು ತಿಂಗಳು ಕೊಡಿ, ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ಬರೆಸಿಕೊಳ್ಳಿ. ಗುರಿಯೂ ನಿಮ್ಮ ಕೈಯಲ್ಲಿರುವಂಥದ್ದಾಗಲಿ: ಮೂರು ತಿಂಗಳಲ್ಲಿ ಸೂಪರ್‌ವೈಸರ್ ವಿಷಯ ಇತ್ಯರ್ಥವಾಗಬೇಕು, ವಾರದಲ್ಲಿ ಒಂದು ಪೂರ್ತಿ ದಿನ ನಾನಿಲ್ಲದೆ ಘಟಕ ನಡೆಯಬೇಕು. ನಿಮ್ಮ ಗಂಡನಿಗೂ ಈ ಗುರಿಗಳನ್ನು ತೋರಿಸಿ. ಅವರಿಗೆ ಬೇಡವಾಗಿರುವುದು ಕೋಚ್ ಅಲ್ಲ, ಲೆಕ್ಕಕ್ಕೆ ಸಿಗದ ಖರ್ಚು ಇರಬಹುದು.

ಪ್ರಶ್ನೆ: ನಾಲ್ಕು ತಿಂಗಳಿಂದ ಕೋಚ್ ಹತ್ತಿರ ಹೋಗುತ್ತಿದ್ದೇನೆ. ಪ್ರತಿ ಸಲ ಮಾತಾಡಿ ಬಂದಾಗ ಮನಸ್ಸು ಹಗುರವಾಗುತ್ತದೆ, ಉತ್ಸಾಹ ಬರುತ್ತದೆ. ಆದರೆ ನನ್ನ ಡಿಸೈನ್ ಸ್ಟುಡಿಯೋದಲ್ಲಿ ಏನೂ ಬದಲಾಗಿಲ್ಲ. ಬಿಟ್ಟುಬಿಡಲೇ?
– ಒಬ್ಬ ಓದುಗ

ಉತ್ತರ: ಇನ್ನೊಂದೇ ಭೇಟಿಗೆ ಹೋಗಿ, ಈ ಪ್ರಶ್ನೆಯನ್ನು ಅವರ ಮುಂದೆಯೇ ಇಡಿ. ಒಳ್ಳೆಯ ಕೋಚ್‌ಗೆ ಇದರಿಂದ ಸಿಟ್ಟು ಬರುವುದಿಲ್ಲ. ‘ಹೌದು, ನಾವು ಎಲ್ಲಿ ಸಿಕ್ಕಿಕೊಂಡಿದ್ದೇವೆ ನೋಡೋಣ’ ಎನ್ನುತ್ತಾರೆ. ‘ನಿಮ್ಮ ಮನಸ್ಥಿತಿಯೇ ಸರಿ ಇಲ್ಲ’ ಎಂದು ತಪ್ಪನ್ನೆಲ್ಲ ನಿಮ್ಮ ಮೇಲೆ ಹಾಕಿದರೆ ಅವತ್ತೇ ನಿಲ್ಲಿಸಿ.

ಕಂಪನಿಗಳ ಮುಖ್ಯಸ್ಥರಿಗೆ ಕೋಚ್ ಆಗಿ ಹೆಸರು ಮಾಡಿದ ಮಾರ್ಷಲ್ ಗೋಲ್ಡ್‌ಸ್ಮಿತ್ ಶುಲ್ಕಕ್ಕೆ ಒಂದು ಷರತ್ತು ಇಟ್ಟುಕೊಂಡಿದ್ದರು. ಗಿರಾಕಿ ಸುಧಾರಿಸಿದರೆ ಮಾತ್ರ ಹಣ. ಸುಧಾರಿಸಿದರೋ ಇಲ್ಲವೋ ಎಂದು ಹೇಳಬೇಕಾದವರು ಆ ಗಿರಾಕಿಯಲ್ಲ, ಕೋಚ್ ಕೂಡ ಅಲ್ಲ, ಆ ಗಿರಾಕಿಯ ಜೊತೆ ಕೆಲಸ ಮಾಡುವವರು. ಎಲ್ಲ ಕೋಚ್‌ಗಳೂ ಹೀಗೆ ಹಣ ತೆಗೆದುಕೊಳ್ಳಲಿ ಎನ್ನುವುದಿಲ್ಲ. ಆದರೆ ಅಳೆಯುವ ರೀತಿ ಅದೇ ಸರಿ. ನಿಮ್ಮ ಸ್ಟುಡಿಯೋದವರನ್ನು ಕೇಳಿ, ನಾಲ್ಕು ತಿಂಗಳಲ್ಲಿ ನಾನು ಬೇರೆ ರೀತಿ ಮಾಡುತ್ತಿರುವುದು ಏನಾದರೂ ಕಾಣಿಸಿದೆಯೇ ಎಂದು.

ಇನ್ನೊಂದು ಮಾತು. ಆ ಹಗುರವೇ ನಿಮಗೆ ಬೇಕಾಗಿದ್ದರೆ, ಅಂದರೆ ನಿದ್ದೆ ಬರುತ್ತಿಲ್ಲ, ಬೆಳಿಗ್ಗೆ ಏಳಲು ಮನಸ್ಸಿಲ್ಲ ಎನ್ನುವಂಥ ಸ್ಥಿತಿ ಇದ್ದರೆ, ಆಪ್ತಸಮಾಲೋಚಕರನ್ನು ಅಥವಾ ವೈದ್ಯರನ್ನು ಕಾಣಿ. ಅದಕ್ಕೆ ಓದಿರುವವರು ಅವರು. ನಾವಲ್ಲ.

ಪ್ರಶ್ನೆ: ಕೋಚ್‌ಗೆ ಸರ್ಟಿಫಿಕೇಟ್ ಇರಲೇಬೇಕೇ?
– ಹೊಸ ಉದ್ಯಮಿ

ಉತ್ತರ: ಕಾನೂನಿನ ಪ್ರಕಾರ ಹೆಚ್ಚಿನ ಕಡೆ ಬೇಕಾಗಿಲ್ಲ. ಯಾರು ಬೇಕಾದರೂ ನಾಳೆಯಿಂದ ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಬಹುದು. ಅದಕ್ಕೇ ವಿಚಾರಿಸುವ ಹೊಣೆ ನಮ್ಮ ಮೇಲಿದೆ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಮೂರು ಹಂತದ ಮಾನ್ಯತೆ ಕೊಡುತ್ತದೆ. ತರಬೇತಿಯ ಜೊತೆಗೆ ಮೊದಲ ಹಂತಕ್ಕೆ 100 ಗಂಟೆ, ಎರಡನೆಯದಕ್ಕೆ 500, ಮೂರನೆಯದಕ್ಕೆ 2,500 ಗಂಟೆ ಕೋಚಿಂಗ್ ಮಾಡಿದ ಅನುಭವ ಇರಬೇಕು. ಸಂಸ್ಥೆಗೆ ತನ್ನದೇ ನೀತಿಸಂಹಿತೆ ಇದೆ, ಗಿರಾಕಿಯ ಗುಟ್ಟು ಕಾಪಾಡುವುದೂ ಅದರಲ್ಲಿ ಸೇರಿದೆ. ಹಾಗಾಗಿ ಮಾನ್ಯತೆ ಇದ್ದವರು ಕೇಳಿಸಿಕೊಳ್ಳುವುದನ್ನು, ಪ್ರಶ್ನೆ ಕೇಳುವುದನ್ನು ಕಲಿತಿರುತ್ತಾರೆ ಎಂದು ನಂಬಬಹುದು.

ವ್ಯಾಪಾರ ಗೊತ್ತಿದೆಯೇ ಎಂಬುದು ಮಾತ್ರ ಆ ಕಾಗದದಿಂದ ತಿಳಿಯುವುದಿಲ್ಲ. ಅದಕ್ಕೆ ನಿಮ್ಮ ಕಳೆದ ವರ್ಷದ ಲಾಭನಷ್ಟದ ಪಟ್ಟಿಯನ್ನು ಅವರ ಮುಂದಿಡಿ, ಏನನ್ನಿಸುತ್ತದೆ ಎಂದು ಕೇಳಿ. ಎರಡು ಒಳ್ಳೆಯ ಪ್ರಶ್ನೆ ಕೇಳಿದರೆ ಒಂದು ತಿಂಗಳು ಜೊತೆಯಲ್ಲಿ ಕೆಲಸ ಮಾಡಿ ನೋಡಿ.