ಸೀಲೆಂಟ್ ಬಾಟಲಿ ಬದಲಿಸುವ ಮೊದಲು ಒರೆಸುವ ಬಟ್ಟೆ ಬಿಡಿಸಿ

ಮಳೆಗಾಲ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಕಾರಿನ ಪೇಂಟಿಗೆ ಏನು ಹಚ್ಚಬೇಕು, ಪೇಂಟಿನ ಮೇಲೆ ರಕ್ಷಣೆಯ ಪದರವಾಗಿ ಕೂರುವ ಸೀಲೆಂಟ್‌ಗಳಲ್ಲಿ ಯಾವುದು ಹೆಚ್ಚು ದಿನ ಬಾಳುತ್ತದೆ. ಕಾರು ತೊಳೆಯುವುದು ಹೇಗೆ, ಶ್ಯಾಂಪೂ ಎಷ್ಟು ಹಾಕಬೇಕು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಅಷ್ಟು ಗೊತ್ತಿದೆ ಎಂದುಕೊಂಡೇ ಉತ್ತರಿಸುತ್ತೇನೆ. ಮೊದಲ ಪ್ರಶ್ನೆಗೆ ಮಾತ್ರ ಉದ್ದ ಉತ್ತರ ಕೊಟ್ಟಿದ್ದೇನೆ. ಅದೊಂದು ಸರಿಯಾಗಿ ಮನಸ್ಸಿಗೆ ಹೋದರೆ ಉಳಿದವುಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ.

"ಸರ್, ಬಾಟಲಿಯ ಮೇಲೆ ಒಂದು ವರ್ಷ ಬಾಳಿಕೆ ಎಂದು ಬರೆದಿತ್ತು. ನಾನೇ ಕೂತು ಹಚ್ಚಿದೆ. ಎರಡು ತಿಂಗಳಿಗೆ ಪೇಂಟಿನ ಮೇಲೆ ನೀರು ಗುಂಡಗೆ ಹನಿಗಟ್ಟುವುದು ನಿಂತುಹೋಯಿತು, ಅಂದರೆ ಸೀಲೆಂಟ್ ಹೋಯಿತು. ಬೇರೆ ಕಂಪನಿಯದು ತರಿಸಿದೆ, ಅದೂ ಅಷ್ಟೇ. ನಾವಂತೂ ಕಾರನ್ನು ಚೆನ್ನಾಗಿಯೇ ಇಟ್ಟಿದ್ದೇವೆ, ಅಪಾರ್ಟ್‌ಮೆಂಟಿನ ಹುಡುಗ ದಿನಾ ಬೆಳಿಗ್ಗೆ ಒರೆಸುತ್ತಾನೆ. ನೀರು ವ್ಯರ್ಥವಾಗಬಾರದೆಂದು ಆರ್‌ಓ ಪೈಪಿನಿಂದ ಹೊರಬರುವ ನೀರನ್ನೇ ಹಿಡಿದಿಟ್ಟು ತೊಳೆಸುತ್ತೇವೆ. ನಿಜವಾಗಿ ಒಂದು ವರ್ಷ ಬರುವ ಸೀಲೆಂಟ್ ಯಾವುದು?" (ಬೆಂಗಳೂರು, ವೈಟ್‌ಫೀಲ್ಡ್)

ನಿಮ್ಮ ಕಾರಿನ ಮೇಲೆ ಒಂದು ವರ್ಷ ಬರುವ ಸೀಲೆಂಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕಾರಣ ನಿಮ್ಮ ಪತ್ರದಲ್ಲೇ ಇದೆ, ಎರಡು ವಾಕ್ಯಗಳಲ್ಲಿ.

ಮೊದಲು ಆ ಬಾಟಲಿಯಲ್ಲಿ ಇರುವುದೇನು ಎಂದು ತಿಳಿದುಕೊಳ್ಳಿ. ಹಳೆಯ ಕಾಲದ ಕಾರ್ನಾಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಮೇಣ. ಪೇಂಟಿನ ಮೇಲೆ ಕೂತಿರುತ್ತದೆ ಅಷ್ಟೇ, ಅದಕ್ಕೆ ಹಿಡಿತ ಕಡಿಮೆ. ನಮ್ಮ ಏಪ್ರಿಲ್ ಬಿಸಿಲಿಗೆ ನಾಲ್ಕಾರು ವಾರದಲ್ಲಿ ಹೋಗುತ್ತದೆ. ಸಿಂಥೆಟಿಕ್ ಸೀಲೆಂಟ್ ಹಾಗಲ್ಲ. ಅದು ಹೆಚ್ಚಾಗಿ ಸಿಲಿಕೋನ್ ಜಾತಿಯ ಪಾಲಿಮರ್. ಹಚ್ಚಿದ ಮೇಲೆ ಅದರಲ್ಲಿರುವ ದ್ರಾವಕ ಆರುತ್ತದೆ, ಉಳಿದ ಪಾಲಿಮರ್ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕೆಳಗಿನ ಕ್ಲಿಯರ್ ಕೋಟನ್ನೂ, ಅಂದರೆ ಪೇಂಟಿನ ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನೂ, ಕಚ್ಚಿಕೊಳ್ಳುತ್ತವೆ. ಹೀಗೆ ಕಚ್ಚಿಕೊಳ್ಳುವುದರಿಂದಲೇ ಬಾಳಿಕೆ. ಆದರೆ ಆ ಪದರದ ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೂ ಇಲ್ಲ. ಬಿಸಿಲು, ಮಳೆ, ಹೊಗೆಯನ್ನು ಅದು ತಡೆದುಕೊಳ್ಳುತ್ತದೆ. ಉಜ್ಜುವುದನ್ನು ತಡೆದುಕೊಳ್ಳುವುದಿಲ್ಲ.

ಈಗ ಆ ದಿನಾ ಒರೆಸುವ ವಿಚಾರ. ಬೆಳಿಗ್ಗೆ ಆರು ಗಂಟೆಗೆ ನೀವೇ ಒಮ್ಮೆ ಬೇಸ್‌ಮೆಂಟಿಗೆ ಇಳಿದು ನೋಡಿ. ಒಂದು ಬಕೆಟ್ ನೀರು, ಒಂದು ಬಟ್ಟೆ, ಹತ್ತು ಹನ್ನೆರಡು ಕಾರು. ಮೂರನೇ ಕಾರಿಗೆ ಬರುವಷ್ಟರಲ್ಲಿ ಆ ನೀರಿನ ಬಣ್ಣ ಏನಾಗಿದೆ ನೋಡಿ, ಬಕೆಟ್ಟಿನ ತಳಕ್ಕೆ ಕೈ ಹಾಕಿ ಬೆರಳುಗಳ ನಡುವೆ ಉಜ್ಜಿ. ಕರಕರ ಎನ್ನುತ್ತದೆ. ಅದು ಮರಳು. ಅದೇ ಬಟ್ಟೆ ಚಕ್ರಕ್ಕೆ, ಅದೇ ಬಟ್ಟೆ ಬಾನೆಟ್ಟಿಗೆ. ನೀವು ಎರಡು ತಿಂಗಳು ದಿನಾ ಹೀಗೆ ಉಜ್ಜಿಸಿದಿರಿ, ಸೀಲೆಂಟ್ ಹೋಯಿತು. ಇದರಲ್ಲಿ ಕಂಪನಿಯ ತಪ್ಪೇನಿದೆ? ಹುಡುಗನ ತಪ್ಪೂ ಇಲ್ಲ. ಕಾರು ಬೆಳಿಗ್ಗೆ ಹೊಳೆಯುತ್ತಿರಬೇಕು ಎಂದು ಕೇಳುವವರು ನೀವೇ. ಬೇಸ್‌ಮೆಂಟಿನಲ್ಲಿ ಮೊಬೈಲ್ ಟಾರ್ಚ್ ಹಾಕಿ ಬಾನೆಟ್ ಮೇಲೆ ಹಿಡಿಯಿರಿ, ಬೆಳಕಿನ ಸುತ್ತ ಜೇಡರ ಬಲೆಯಂತೆ ಸಣ್ಣ ಗೀರುಗಳು ಕಾಣುತ್ತವೆ. ಅವು ಸೀಲೆಂಟಿನಲ್ಲಿ ಇಲ್ಲ, ಅದರ ಕೆಳಗಿನ ಕ್ಲಿಯರ್ ಕೋಟಿನಲ್ಲಿ ಇವೆ.

ಹುಡುಗನಿಗೆ ಹೀಗೆ ಹೇಳಿ: ದಿನಾ ಗಾಜು ಒರೆಸು, ಒಳಗೆ ಮ್ಯಾಟ್ ಕೊಡವು, ಬಾಡಿ ಮುಟ್ಟಬೇಡ. ವಾರಕ್ಕೊಮ್ಮೆ ಸರಿಯಾಗಿ ತೊಳಿ. ಸಂಬಳ ಅಷ್ಟೇ ಕೊಡಿ, ಒಂದು ರೂಪಾಯಿಯೂ ಕಡಿಮೆ ಮಾಡಬೇಡಿ. ಕಾರಿನ ಮೇಲೆ ಆರು ದಿನ ಧೂಳು ಕೂತಿದ್ದರೆ ಪೇಂಟಿಗೆ ಏನೂ ಆಗುವುದಿಲ್ಲ. ಧೂಳು ಸುಮ್ಮನೆ ಕೂತರೆ ಗೀರು ಬೀಳದು, ಅದನ್ನು ಒಣ ಬಟ್ಟೆಯಲ್ಲಿ ಎಳೆದಾಗ ಬೀಳುತ್ತದೆ.

ಎರಡನೆಯದು ಆರ್‌ಓ ನೀರು. ನೀರು ಉಳಿಸುವ ನಿಮ್ಮ ಕಾಳಜಿ ದೊಡ್ಡದು, ಅದನ್ನು ಗೌರವಿಸುತ್ತೇನೆ. ಆದರೆ ಆ ಪೈಪಿನಲ್ಲಿ ಹೊರಬರುವುದು ಕುಡಿಯುವ ನೀರಿನಿಂದ ಬೇರ್ಪಡಿಸಿದ ಲವಣವೆಲ್ಲ ಸೇರಿದ ನೀರು. ವೈಟ್‌ಫೀಲ್ಡಿನ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಮೊದಲೇ ಗಡಸು, ಆರ್‌ಓದಿಂದ ಹೊರಬಂದದ್ದು ಅದಕ್ಕಿಂತ ಗಡಸು. ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. ಕಾರಿನ ಮೇಲೆ ಅದು ಆರಿದರೆ ಸುಣ್ಣದಂಥ ಬಿಳಿ ಪೊರೆ ಉಳಿಯುತ್ತದೆ. ವಾರ ವಾರ ಅದರ ಮೇಲೆ ಇನ್ನೊಂದು ಪೊರೆ. ಕೆಳಗೆ ಸೀಲೆಂಟ್ ಜೀವಂತ ಇದ್ದರೂ ಮೇಲೆ ಸುಣ್ಣ ಮುಚ್ಚಿರುವುದರಿಂದ ನೀರು ಹನಿಗಟ್ಟುವುದಿಲ್ಲ.

ಹಾಗಾಗಿ ಮತ್ತೊಂದು ಬಾಟಲಿ ತರುವ ಮೊದಲು ಇದೊಂದು ಪರೀಕ್ಷೆ ಮಾಡಿ. ಕಾರನ್ನು ಶ್ಯಾಂಪೂ ಹಾಕಿ ತೊಳೆಯಿರಿ. ಬಾನೆಟ್ ತಣ್ಣಗಿರಲಿ, ನೆರಳಿರಲಿ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆ ಅದ್ದಿ, ಒಂದು ಅಡಿ ಚದರ ಜಾಗದ ಮೇಲೆ ಒಂದು ನಿಮಿಷ ಹರಡಿ. ಉಜ್ಜಬೇಡಿ. ಬಟ್ಟೆ ತೆಗೆದು ಚೆನ್ನಾಗಿ ನೀರು ಹಾಕಿ. ಆ ಜಾಗದಲ್ಲಿ ಮಾತ್ರ ನೀರು ಮತ್ತೆ ಗುಂಡಗೆ ಹನಿಗಟ್ಟಿದರೆ ನಿಮ್ಮ ಸೀಲೆಂಟ್ ಹೋಗಿಲ್ಲ, ಮುಚ್ಚಿಹೋಗಿದೆ. ಇಡೀ ಕಾರಿಗೆ ಹಾಗೆಯೇ ಮಾಡಿ, ಹಣ ಉಳಿಯಿತು. ಅಲ್ಲೂ ನೀರು ಚಪ್ಪಟೆಯಾಗಿ ಹರಡಿಕೊಂಡರೆ ಸೀಲೆಂಟ್ ಹೋಗಿದೆ, ಮತ್ತೆ ಹಚ್ಚಿ.

ಮತ್ತೆ ಹಚ್ಚುವಾಗ ಜನ ತಪ್ಪುವುದು ಬಹುತೇಕ ಒಂದೇ ಕಡೆ: ಕೆಳಗಿನ ಮೇಲ್ಮೈ. ತೊಳೆದ ಕಾರು ಸ್ವಚ್ಛವಾದ ಕಾರಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ನುಣ್ಣಗಿದ್ದದ್ದು ಕವರಿನೊಳಗಿಂದ ತರಿತರಿ ಅನ್ನಿಸುತ್ತದೆ. ಬ್ರೇಕಿನ ಕಬ್ಬಿಣದ ಪುಡಿ, ರೋಡಿನ ಡಾಂಬರು, ಪಕ್ಕದ ಕಟ್ಟಡದ ಸಿಮೆಂಟು, ಎಲ್ಲವೂ ಅಲ್ಲಿ ಅಂಟಿಕೊಂಡಿರುತ್ತವೆ. ಕಬ್ಬಿಣಕ್ಕೆ ಐರನ್ ರಿಮೂವರ್ ಇದೆ, ಸಿಂಪಡಿಸಿದ ಸ್ವಲ್ಪ ಹೊತ್ತಿಗೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಮುದ್ದೆ, ಸಾಕಷ್ಟು ಜಾರುವ ದ್ರವ ಹಾಕಿಕೊಂಡು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಒರೆಸಿ, ಹಳೆಯ ವ್ಯಾಕ್ಸ್ ಮತ್ತು ಪಾಲಿಶಿನ ಎಣ್ಣೆ ಹೋಗಬೇಕು. ಆ ಎಣ್ಣೆಯ ಮೇಲೆ ಹಚ್ಚಿದ ಸೀಲೆಂಟ್ ಎಣ್ಣೆಯನ್ನೇ ಹಿಡಿದುಕೊಂಡಿರುತ್ತದೆ, ಎಣ್ಣೆ ಹೋದ ದಿನ ಅದೂ ಹೋಗುತ್ತದೆ. ಸೀಲೆಂಟ್ ಮೇಲೆ ವ್ಯಾಕ್ಸ್ ಹಚ್ಚಬಹುದು. ವ್ಯಾಕ್ಸ್ ಮೇಲೆ ಸೀಲೆಂಟ್ ಹಚ್ಚಿದರೆ ದಂಡ.

ದಪ್ಪ ಹಚ್ಚಬೇಡಿ. ಸಣ್ಣ ಕಾರಿಗೆ ಮೂವತ್ತು ಮಿಲಿಲೀಟರ್ ಸಾಕು. ಹೆಚ್ಚು ಹಚ್ಚಿದ್ದೆಲ್ಲ ಒರೆಸುವ ಬಟ್ಟೆಗೆ ಹೋಗುತ್ತದೆ, ಪೇಂಟಿನ ಮೇಲೆ ನಿಲ್ಲುವುದಿಲ್ಲ. ಯಾವಾಗ ಒರೆಸಬೇಕೆಂದು ಗಡಿಯಾರ ನೋಡಬೇಡಿ, ಜೂನ್ ಜುಲೈನ ತೇವದಲ್ಲಿ ಬಾಟಲಿಯ ಮೇಲಿನ ಹೊತ್ತು ಸರಿಹೋಗುವುದಿಲ್ಲ. ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಮೂಡಿದರೆ ಒರೆಸಿ, ಕಲೆಸಿಕೊಂಡರೆ ಇನ್ನೂ ಕಾಯಿರಿ. ಆಮೇಲೆ ಅರ್ಧ ದಿನ ನೀರು ಬೀಳಬಾರದು, ರಾತ್ರಿಯ ಇಬ್ಬನಿ ಕೂಡ. ಎರಡನೇ ಕೋಟು ಮಾರನೇ ದಿನ. ಅದು ದಪ್ಪಕ್ಕಲ್ಲ, ಮೊದಲ ಸಲ ಕೈ ತಪ್ಪಿದ ಜಾಗ ತುಂಬಲು.

ಇಷ್ಟು ಮಾಡಿ, ವಾರಕ್ಕೊಮ್ಮೆ ಮಾತ್ರ ತೊಳೆಸಿದರೆ ಬಯಲಲ್ಲಿ ನಿಲ್ಲುವ ಕಾರಿಗೆ ನಾಲ್ಕೈದು ತಿಂಗಳು, ಬೇಸ್‌ಮೆಂಟಿನ ಕಾರಿಗೆ ಆರೇಳು ತಿಂಗಳು ನಿರೀಕ್ಷಿಸಿ. ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಹಚ್ಚಿದರೆ ವರ್ಷ ಕಳೆಯುತ್ತದೆ. ನೀರಿನ ಬಗ್ಗೆ ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ್ದು ನಿಮಗೆ ನೆನಪಿರಬೇಕು. ಮಳೆನೀರು ಹಿಡಿಯುವ ವ್ಯವಸ್ಥೆ ಇದ್ದರೆ ಅದಕ್ಕಿಂತ ಒಳ್ಳೆಯ ನೀರು ಕಾರಿಗೆ ಇನ್ನೊಂದಿಲ್ಲ, ಅದರಲ್ಲಿ ಸುಣ್ಣವಿಲ್ಲ. ಇಲ್ಲದಿದ್ದರೆ ಮತ್ತೆ ನೀರು ಸುರಿದು ತೊಳೆಯಬೇಕಿಲ್ಲದ ರಿನ್ಸ್‌ಲೆಸ್ ವಾಶ್ ದ್ರವ ಬಳಸಿ, ಒಂದು ಬಕೆಟ್ ನೀರಿನಲ್ಲಿ ಕೆಲಸ ಮುಗಿಯುತ್ತದೆ. ಒಂದೇ ಷರತ್ತು: ಬಟ್ಟೆಗಳು ಆರೇಳು ಇರಲಿ, ಒಮ್ಮೆ ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗಬಾರದು.

"ಹೊಸ ಕಾರಿಗೆ ಶೋರೂಮಿನಲ್ಲಿ ಟೆಫ್ಲಾನ್ ಕೋಟಿಂಗ್ ಮಾಡಿಸಿ ಎಂದು ಒತ್ತಾಯಿಸುತ್ತಿದ್ದಾರೆ. ಮಾಡಿಸಲೇ?" (ದಾವಣಗೆರೆ)

ಬೇಡ. ಟೆಫ್ಲಾನ್ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ವಸ್ತು. ತವೆಗೆ ಅದನ್ನು ಕೂರಿಸುವುದು ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಬೇಯಿಸಿ. ನಿಮ್ಮ ಕಾರನ್ನು ಅಷ್ಟು ಬಿಸಿ ಮಾಡಿದರೆ ಪೇಂಟೇ ಸುಟ್ಟುಹೋಗುತ್ತದೆ. ತಣ್ಣನೆಯ ಬಾಡಿಗೆ ಮೆಷಿನ್ನಿನಲ್ಲಿ ಉಜ್ಜಿದ ಟೆಫ್ಲಾನ್ ಪುಡಿ ಯಾವುದನ್ನೂ ಕಚ್ಚಿಕೊಳ್ಳುವುದಿಲ್ಲ, ಯಾವುದಕ್ಕೂ ಅಂಟದಿರುವುದೇ ಅದರ ಗುಣ. ನಿಮಗೆ ಕಾಣುವ ಹೊಳಪು ಜೊತೆಗೆ ಬೆರೆಸಿದ ವ್ಯಾಕ್ಸ್ ಅಥವಾ ಸೀಲೆಂಟಿನದು.

ಅದಕ್ಕಿಂತ ದೊಡ್ಡ ಅನ್ಯಾಯ ಪ್ರತಿ ಸರ್ವಿಸಿನಲ್ಲೂ ಮಾಡುವ "ರಬ್ಬಿಂಗ್ ಪಾಲಿಶ್". ಫ್ಯಾಕ್ಟರಿ ಪೇಂಟ್ ಎಲ್ಲ ಪದರ ಸೇರಿ ಸುಮಾರು 100ರಿಂದ 140 ಮೈಕ್ರಾನ್, ಅದರಲ್ಲಿ ಬಿಸಿಲನ್ನು ತಡೆಯುವ ಕ್ಲಿಯರ್ ಕೋಟ್ ಸುಮಾರು 40. ಉಣ್ಣೆಯ ಪ್ಯಾಡು, ಒರಟು ಕಾಂಪೌಂಡು (ತೇಯುವ ಪೇಸ್ಟ್) ಹಿಡಿದು ಪ್ರತಿ ವರ್ಷ ಅದನ್ನೇ ತೇಯುತ್ತಾರೆ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಐದಾರು ವರ್ಷಕ್ಕೆ ಬಾನೆಟ್ ಮತ್ತು ರೂಫಿನಲ್ಲಿ ಚರ್ಮ ಸುಲಿದಂತೆ ಕ್ಲಿಯರ್ ಏಳುವ ಕಾರುಗಳು ನನ್ನ ಹತ್ತಿರ ಬರುತ್ತವೆ. ಆಗ ಸೀಲೆಂಟಿಗೂ ಕೆಲಸವಿಲ್ಲ, ಪೂರ್ತಿ ಪೇಂಟ್ ಮಾಡಿಸಬೇಕು. ಪೇಂಟಿನ ದಪ್ಪ ಅಳೆಯುವ ಗೇಜ್ ಕೈಯಲ್ಲಿ ಇಲ್ಲದವರಿಗೆ ಕಾಂಪೌಂಡ್ ಮಾಡಲು ಕಾರು ಕೊಡಬೇಡಿ.

"9ಎಚ್ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರು ಬೀಳುವುದಿಲ್ಲವಂತೆ, ನಿಜವೇ? ಸೀಲೆಂಟ್ ಬಿಟ್ಟು ಅದಕ್ಕೇ ಹೋಗಲೇ?" (ಹುಬ್ಬಳ್ಳಿ)

ಸುಳ್ಳು. 9ಎಚ್ ಎಂಬುದು ಪೆನ್ಸಿಲ್ಲಿನ ಗಟ್ಟಿತನದ ಅಳತೆ. 9ಎಚ್ ಪೆನ್ಸಿಲ್ಲಿನಿಂದ ಗೀಚಿದರೆ ಗೀರು ಬೀಳದು ಎಂದಷ್ಟೇ ಅರ್ಥ. ರಸ್ತೆಯ ಧೂಳಿನಲ್ಲಿರುವುದು ಪೆನ್ಸಿಲ್ ಅಲ್ಲ, ಬೆಣಚುಕಲ್ಲಿನ ಪುಡಿ, ಅದು ಪೆನ್ಸಿಲ್ಲಿಗಿಂತ ಎಷ್ಟೋ ಗಟ್ಟಿ. ಸೆರಾಮಿಕ್, ಅಂದರೆ ಪೇಂಟಿನ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ ಲೇಪ, ಒಳ್ಳೆಯದೇ. ಕೆಮಿಕಲ್ ತಡೆದುಕೊಳ್ಳುವುದರಲ್ಲಿ, ಬಾಳಿಕೆಯಲ್ಲಿ ಸೀಲೆಂಟಿಗಿಂತ ಮೇಲು. ಆದರೆ ಹಚ್ಚುವವನ ಕೈ ಸರಿಯಿರಬೇಕು, ಕೆಳಗಿನ ಪೇಂಟನ್ನು ಮೊದಲು ಸರಿಮಾಡಿರಬೇಕು. ಇಲ್ಲದಿದ್ದರೆ ಗೀರುಗಳನ್ನೇ ಒಳಗಿಟ್ಟು ಮುಚ್ಚಿದಂತೆ. ಐದು ವರ್ಷದ ವಾರಂಟಿ ಎಂದರೆ ಪತ್ರವನ್ನು ಪೂರ್ತಿ ಓದಿ, ಆರು ತಿಂಗಳಿಗೊಮ್ಮೆ ದುಡ್ಡು ಕೊಟ್ಟು ಬರಬೇಕೆಂಬ ಷರತ್ತು ಅದರಲ್ಲಿ ಇರುತ್ತದೆ. ದಿನಾ ಒಣ ಬಟ್ಟೆ ಎಳೆಸುವ ಮನೆಯಾದರೆ ಆ ಹಣವೂ ವ್ಯರ್ಥ. ಕಲ್ಲೇಟು ತಡೆಯಬೇಕಾದರೆ ಪಿಪಿಎಫ್, ಅಂದರೆ ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮ್, ಒಂದೇ ದಾರಿ, ಬೇರೆ ಯಾವ ದ್ರವವೂ ಅದನ್ನು ತಡೆಯದು.

"ಮಳೆಮರದ ಕೆಳಗೆ ನಿಲ್ಲಿಸುತ್ತೇನೆ. ಅಂಟು, ಹಕ್ಕಿ ಹಿಕ್ಕೆ ಎರಡೂ. ಸೀಲೆಂಟ್ ಹಚ್ಚಿದರೆ ನಿಶ್ಚಿಂತೆಯೇ?" (ಮೈಸೂರು)

ನಿಶ್ಚಿಂತೆಯಲ್ಲ, ಕೆಲವು ಗಂಟೆಗಳ ಅವಕಾಶ. ಆ ಅಂಟು ಹೆಚ್ಚಾಗಿ ಮರದ್ದಲ್ಲ, ಎಲೆಯ ರಸ ಹೀರುವ ಕೀಟಗಳು ಹೊರಹಾಕುವ ಸಕ್ಕರೆ. ಬೆಚ್ಚಗಿನ ನೀರಿಗೆ ಕರಗುತ್ತದೆ, ಪೆಟ್ರೋಲ್ ಹಾಕಿ ಉಜ್ಜಬೇಡಿ. ಹಿಕ್ಕೆ ಅಪಾಯಕಾರಿ. ಅದರಲ್ಲಿ ಆಮ್ಲವೂ ಇದೆ, ಜೊತೆಗೆ ಬಿಸಿಲಿಗೆ ಮೆತ್ತಗಾದ ಕ್ಲಿಯರ್ ಕೋಟ್ ಸಂಜೆ ತಣ್ಣಗಾಗುವಾಗ ಒಣಗಿದ ಹಿಕ್ಕೆಯ ಆಕಾರಕ್ಕೇ ಗಟ್ಟಿಯಾಗಿ ಗುರುತು ಉಳಿಯುತ್ತದೆ. ಡಿಕ್ಕಿಯಲ್ಲಿ ನೀರಿನ ಸ್ಪ್ರೇ ಬಾಟಲಿ, ಎರಡು ಬಟ್ಟೆ ಇಟ್ಟುಕೊಳ್ಳಿ. ಒದ್ದೆ ಬಟ್ಟೆಯನ್ನು ಮೇಲೆ ಎರಡು ನಿಮಿಷ ಇಟ್ಟು ನೆನೆಸಿ, ಎತ್ತಿ ತೆಗೆಯಿರಿ. ಅಂದೇ ಮಾಡಿ, ಭಾನುವಾರಕ್ಕೆ ಬಿಡಬೇಡಿ.

"ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಒರೆಸಿದರೆ ಹೊಳಪು ಬರುತ್ತದೆ ಎನ್ನುತ್ತಾರೆ. ಗೀರಿಗೆ ಟೂತ್‌ಪೇಸ್ಟ್?" (ತುಮಕೂರು)

ಎರಡೂ ಮಾಡಬೇಡಿ. ಒಂದು ಇದ್ದಬದ್ದ ವ್ಯಾಕ್ಸನ್ನು ತೊಳೆದು ಧೂಳು ಹಿಡಿಯುವ ಜಿಡ್ಡು ಬಿಡುತ್ತದೆ, ಇನ್ನೊಂದು ಒಂದು ಗೀರಿನ ಜಾಗದಲ್ಲಿ ನೂರು ಸಣ್ಣ ಗೀರು ಹಾಕುತ್ತದೆ.

"ಸಮುದ್ರದ ಉಪ್ಪುಗಾಳಿಗೆ ಸೀಲೆಂಟ್ ಹಚ್ಚಿದರೆ ತುಕ್ಕು ತಪ್ಪುತ್ತದೆಯೇ?" (ಮಲ್ಪೆ)

ಪೇಂಟಿನ ಹೊಳಪು ಉಳಿಯುತ್ತದೆ. ತುಕ್ಕು ಹಿಡಿಯುವುದು ಕೆಳಭಾಗದಲ್ಲಿ, ಬಾಗಿಲಿನ ಒಳಅಂಚಿನಲ್ಲಿ, ಕಲ್ಲು ತಗಲಿ ಪೇಂಟ್ ಹಾರಿದಲ್ಲಿ. ಅಲ್ಲಿಗೆ ಟಚ್‌ಅಪ್ ಪೇಂಟ್, ಕೆಳಗೆ ಆಂಟಿರಸ್ಟ್, ವಾರಕ್ಕೊಮ್ಮೆ ಅಡಿಭಾಗಕ್ಕೆ ಸಿಹಿನೀರು.

"ಬಂಪರ್ ಮತ್ತು ಫೆಂಡರ್ ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದ್ದೇನೆ. ಮಾರನೇ ದಿನವೇ ಸೀಲೆಂಟ್ ಹಚ್ಚಬಹುದೇ?" (ಶಿವಮೊಗ್ಗ)

ಖಂಡಿತ ಬೇಡ. ಫ್ಯಾಕ್ಟರಿಯಲ್ಲಿ ಪೇಂಟನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ, ಗ್ಯಾರೇಜಿನ ಬೂತಿನಲ್ಲಿ 60 ಡಿಗ್ರಿ, ಬೀದಿಬದಿಯ ಶೆಡ್ಡಿನಲ್ಲಿ ಬರೀ ಗಾಳಿ. ಕೈಗೆ ಒಣಗಿದಂತೆ ಕಂಡರೂ ಒಳಗಿನ ದ್ರಾವಕ ವಾರಗಟ್ಟಲೆ ಹೊರಹೋಗುತ್ತಿರುತ್ತದೆ, ಅದರ ದಾರಿ ಮುಚ್ಚಬಾರದು. ಆ ಎರಡು ಭಾಗ ಬಿಟ್ಟು ಉಳಿದ ಕಾರಿಗೆ ಈಗಲೇ ಹಚ್ಚಿ. ಅವಕ್ಕೆ ಎರಡು ತಿಂಗಳು ಬರೀ ಶ್ಯಾಂಪೂ ನೀರು. ಮೇಲೆ ಕವರ್ ಹೊದಿಸಿ ಕಟ್ಟಲೂ ಬೇಡಿ.