ಟೋನಿ ಸಿಕ್ಕಿದ್ದು ಯಾವ ತಂಡಕ್ಕೆ?

ಅಮೆರಿಕದ ಕಿವುಡರ ನಾಟಕ ತಂಡದ ಶುರು, ಸಾಧನೆಗಳ ಬಗ್ಗೆ ಬರೆಯುತ್ತಿದ್ದೇನೆ, ಆದರೆ ಶುರುವಾದ ವರ್ಷವೇ ಎರಡೆರಡು ಸಿಕ್ಕಿದೆ ಅಂತ ಕೇಳಿದ್ದಿರಿ. ನೀವು ಎರಡು ತಂಡಗಳನ್ನು ಒಂದೇ ಅಂದುಕೊಂಡಿದ್ದೀರಿ ಅನಿಸುತ್ತದೆ. ಅದಕ್ಕೇ ಒಂದು ಕಡೆ 1967, ಇನ್ನೊಂದು ಕಡೆ 1991 ಎಂದು ಸಿಕ್ಕಿದೆ. ನಿಮ್ಮ ಟಿಪ್ಪಣಿ ನೋಡದೆ ಹೇಳುತ್ತಿದ್ದೇನೆ, ಆದರೆ ನಾನೂ ಒಮ್ಮೆ ಇದೇ ಎಡವಟ್ಟು ಮಾಡಿದ್ದೆ.

ಮೊದಲು ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಎಡಕ್ಕೆ ನ್ಯಾಷನಲ್ ಥಿಯೇಟರ್ ಆಫ್ ದ ಡೆಫ್. 1967ರಲ್ಲಿ ಕನೆಕ್ಟಿಕಟ್‌ನಲ್ಲಿ ರಂಗ ವಿನ್ಯಾಸಕ ಡೇವಿಡ್ ಹೇಸ್ ಕಟ್ಟಿದ್ದು. 1977ರ ವಿಶೇಷ ಟೋನಿ (ಅಮೆರಿಕದ ದೊಡ್ಡ ರಂಗಭೂಮಿ ಪ್ರಶಸ್ತಿ) ಇದಕ್ಕೇ. ಬಲಕ್ಕೆ ಡೆಫ್ ವೆಸ್ಟ್, ಲಾಸ್ ಏಂಜಲಿಸ್, 1991. ಗೊಂದಲ ಆಗೋದು ಸಹಜ ಬಿಡಿ: ಇದನ್ನು ಕಟ್ಟಿದ ಎಡ್ ವಾಟರ್‌ಸ್ಟ್ರೀಟ್ ಮೊದಲು ಎಡಗಡೆಯ ತಂಡದಲ್ಲೇ ನಟರಾಗಿದ್ದವರು.

ಆಮೇಲೆ 1980ರ ಟೋನಿಯನ್ನೂ ಬರೆದುಕೊಂಡಿದ್ದರೆ ಎರಡೂ ಕಾಲಂನಿಂದ ತೆಗೆಯಿರಿ. ಅದು ನಟಿ ಫಿಲಿಸ್ ಫ್ರೆಲಿಕ್‌ಗೆ ಸಿಕ್ಕಿದ್ದು, ತಂಡಕ್ಕಲ್ಲ. ಅವರು 1967ರ ತಂಡದ ಮೊದಲ ಬ್ಯಾಚಿನವರು, ಅಷ್ಟೆ.

2003ರಲ್ಲಿ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳಿಗೆ, ಬಂದ 'ಬಿಗ್ ರಿವರ್' ಡೆಫ್ ವೆಸ್ಟ್‌ನದು. ಮಾರ್ಕ್ ಟ್ವೈನ್‌ನ 'ಹಕಲ್‌ಬೆರಿ ಫಿನ್' ಕಾದಂಬರಿ ಆಧರಿಸಿದ ಸಂಗೀತ ನಾಟಕ ಅದು, ಹಕ್ ಅದರ ಹುಡುಗ ನಾಯಕ. ಸಾಧನೆ ಅಂತ ಸುಮ್ನೆ ಪ್ರಶಸ್ತಿಗಳ ಪಟ್ಟಿ ಕೊಡಬೇಡಿ, ಇದರ ಬಗ್ಗೆ ಜಾಸ್ತಿ ಬರೆಯಿರಿ. ಹಕ್‌ನ ಅಪ್ಪನ ಪಾತ್ರಕ್ಕೆ ಇಲ್ಲಿ ಇಬ್ಬರು ನಟರು. ಒಬ್ಬರು ಕಿವುಡರು, ಇನ್ನೊಬ್ಬರಿಗೆ ಕಿವಿ ಕೇಳುತ್ತದೆ. ಒಬ್ಬರ ಕೈ ಮಾತಾಡಿದರೆ ಇನ್ನೊಬ್ಬರ ಬಾಯಿ. ಇಬ್ಬರೂ ಸೇರಿ ಒಬ್ಬನೇ ಕುಡುಕ. ಹಕ್ ಪಾತ್ರದವರೂ ಕಿವುಡರೇ, ಅವರಿಗೆ ದನಿ ಕೊಡುವುದು ವೇದಿಕೆ ಮೇಲೇ ಇರುವ ಮಾರ್ಕ್ ಟ್ವೈನ್ ಪಾತ್ರಧಾರಿ. ಆ ಕಿವುಡ ಅಪ್ಪ ಟ್ರಾಯ್ ಕಾಟ್ಸರ್, 2022ರಲ್ಲಿ ಆಸ್ಕರ್ ಗೆದ್ದವರು. ಅದನ್ನೂ ಬಲಗಡೆ ಸೇರಿಸಿ, ಆದರೆ ತಂಡದ ಪ್ರಶಸ್ತಿ ಅಂತ ಬರೆಯಬೇಡಿ.