ಗೋದ್ರೆಜ್ ಟೈಪ್‌ರೈಟರ್‌ಗೆ ಈಗಲೇ ಎಣ್ಣೆ ಬೇಡ

ಸೋಮವಾರಪೇಟೆಯ ತೋಟದ ಮನೆ ಅಟ್ಟದಲ್ಲಿ ಸಿಕ್ಕ ಗೋದ್ರೆಜ್‌ನಲ್ಲಿ ಅಕ್ಷರದ ಕಡ್ಡಿಗಳು ಮೇಲೆದ್ದು ಅಲ್ಲೇ ನಿಲ್ಲುತ್ತವೆ, ಹೊಲಿಗೆ ಮಷಿನ್ ಎಣ್ಣೆ ಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಕಡ್ಡಿಗಳ ಬುಡ ಕೂರುವ ಅರ್ಧಚಂದ್ರಾಕಾರದ ಲೋಹದಲ್ಲಿ ಸಣ್ಣ ಸೀಳುಗಳಿವೆ ನೋಡಿ, ಬಹುಪಾಲು ರೋಗ ಇರೋದು ಅಲ್ಲೇ. ಹಿಂದೆ ಯಾರೋ ಬಿಟ್ಟ ಎಣ್ಣೆಗೆ ಧೂಳು ಸೇರಿ ಅಂಟಾಗಿರುತ್ತೆ. ಮತ್ತೆ ಎಣ್ಣೆ ಹಾಕಿದರೆ ನಾಲ್ಕು ದಿನ ಸಲೀಸು, ಆಮೇಲೆ ಅದೇ ಕಥೆ.

ಪೇಂಟ್ ಅಂಗಡಿಯ ಟರ್ಪೆಂಟೈನ್‌ಗೆ ಹಳೇ ಟೂತ್‌ಬ್ರಷ್ ಅದ್ದಿ ಸೀಳುಗಳನ್ನು ತಿಕ್ಕಿ, ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಇಳಿಸಿ. ಕಪ್ಪು ನೀರು ಬರೋದು ನಿಲ್ಲುವ ತನಕ ಬಿಡಬೇಡಿ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ರಬ್ಬರ್ ರೋಲರ್‌ಗೆ ಮಾತ್ರ ತಾಗಬಾರದು, ಬಟ್ಟೆ ಹೊದಿಸಿ.

ಟೈಪ್ ಮಾಡುವಾಗ ಕ್ಯಾರೇಜ್, ಅಂದರೆ ಕಾಗದ ಹಿಡಿದು ಸರಿಯುವ ಮೇಲಿನ ಭಾಗ, ತಾನಾಗಿ ಎಡಕ್ಕೆ ಸರಿಯದಿದ್ದರೆ ಅದನ್ನೆಳೆಯುವ ಪಟ್ಟಿ ಸ್ಪ್ರಿಂಗ್ ಡ್ರಮ್‌ನಿಂದ (ಒಳಗೆ ಸ್ಪ್ರಿಂಗ್ ಇರುವ ದುಂಡನೆ ಡಬ್ಬಿ) ಕಳಚಿದೆಯಾ ನೋಡಿ. ತುಂಡಾಗಿದ್ದರೆ ಗಟ್ಟಿ ಗಾಳದ ದಾರ ಸಾಕು. ರಿಬ್ಬನ್ ಅರ್ಧ ಇಂಚಿನದು ಕೊಳ್ಳಿ, ಹಳೇ ಸ್ಪೂಲ್‌ಗೇ ಸುತ್ತಿಕೊಳ್ಳಬಹುದು, ಅದನ್ನು ಎಸೆಯಬೇಡಿ.

ಗೋದ್ರೆಜ್ 1955ರಲ್ಲೇ ಇಲ್ಲಿ ಟೈಪ್‌ರೈಟರ್ ತಯಾರಿಸಿದ ಕಂಪನಿ, ಹಾಗಾಗಿ ಬಿಡಿಭಾಗಕ್ಕೆ ಗುಜರಿಯಲ್ಲಿ ಇನ್ನೊಂದು ಮಷಿನ್ ಸಿಗೋ ಸಾಧ್ಯತೆ ಉಂಟು. ನಮ್ಮ ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತಿಡಬೇಡಿ, ಒಳಗೇ ಬೆವರಿ ತುಕ್ಕು ಹಿಡಿಯುತ್ತೆ. ಹತ್ತಿ ಬಟ್ಟೆ ಮುಚ್ಚಿ, ಗಾಳಿಯಾಡುವ ಕಡೆ ಇಡಿ. ತೊಳೆದ ಮೇಲೂ ಕಡ್ಡಿ ನಿಂತರೆ ಆ ಸೀಳುಗಳ ಫೋಟೋ ಹತ್ತಿರದಿಂದ ತೆಗೆದು ಹಾಕಿ, ಕಡ್ಡಿ ಬಾಗಿದೆಯಾ ನೋಡೋಣ.